ಎಂಟೂಹತ್ತಕ್ಕೆ ಹೊರಟು ಎಂಟೂಹತ್ತಕ್ಕೆ ತಲುಪುವ ಗಾಡಿ

ನಮ್ಮ ಸ್ಟೇಷನ್ನಿನ ಬಾಗಿಲಲ್ಲಿ ಹೋದ ತಿಂಗಳು ಒಂದು ಕರಿಕಲ್ಲು ನಿಲ್ಲಿಸಿದ್ದಾರೆ. ಆಳೆತ್ತರದ ಕಲ್ಲು, ಮುಖ ಕಾಣುವಷ್ಟು ನುಣುಪು. ನಿಂತೇಹೋಗಲಿದ್ದ ಈ ರೈಲುದಾರಿಯು ರೈಲ್ವೆ ಮಂಡಳಿಯ ದೂರದೃಷ್ಟಿಯಿಂದಲೂ, ಅಂಗಿ ಕಾರ್ಖಾನೆಯ ಮ್ಯಾನೇಜರಾದ ಶ್ರೀಮಾನ್ ಪರಶಿವಮೂರ್ತಿಯವರ ಉದಾರ ಸಹಕಾರದಿಂದಲೂ ಮರುಜೀವ ಪಡೆಯಿತು ಎಂದು ಅದರ ಮೇಲೆ ಚಿನ್ನದ ಬಣ್ಣದಲ್ಲಿ ಕೆತ್ತಿಸಿದ್ದಾರೆ. ಉದಾರ ಸಹಕಾರವಂತೆ! ಓದಿದ ದಿನ ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಕಲ್ಲಿಗೇನು, ಹೇಳಿದ್ದನ್ನು ಹೊತ್ತು ನಿಲ್ಲುತ್ತದೆ. ನನಗೆ ಬಾಯಿದೆ. ನಾನು ಚಿಕ್ಕತಾಯಮ್ಮ, ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸದವಳು, ಎಲ್ಲರ ಬಾಯಲ್ಲಿ ತಾಯಕ್ಕ. ಕಾಗದದ ಪ್ರಕಾರ ನನಗೆ ನಲವತ್ತಾರು ವರ್ಷ, ಗಾಡಿ ವಯಸ್ಸು ಸೇರಿಸಿದರೆ ನಲವತ್ತೆಂಟು ದಾಟಿದೆ. ಆಗಿದ್ದು ಆಗಿದ್ದ ಹಾಗೆ ಹೇಳುತ್ತೇನೆ.

ನಮ್ಮೂರಿನಿಂದ ಕಾರ್ಖಾನೆಯಿರುವ ಆಚೆಪೇಟೆಗೆ ಹೋಗುವ ಗಾಡಿ ಬೆಳಗ್ಗೆ ಎಂಟೂಹತ್ತಕ್ಕೆ ಹೊರಡುತ್ತದೆ, ಎಂಟೂಹತ್ತಕ್ಕೆ ತಲುಪುತ್ತದೆ. ಸಂಜೆ ಆರೂಇಪ್ಪತ್ತಕ್ಕೆ ಅಲ್ಲಿಂದ ಬಿಟ್ಟು ಆರೂಇಪ್ಪತ್ತಕ್ಕೆ ಇಲ್ಲಿಗೆ ಬಂದು ನಿಲ್ಲುತ್ತದೆ. ಒಳಗೆ ಕೂತವರಿಗೆ ಮಾತ್ರ ಒಂದೂವರೆ ಗಂಟೆಯ ದಾರಿ. ಕಿಟಕಿಯಿಂದ ಬಿದ್ದ ಬಿಸಿಲು ಅಷ್ಟು ಹೊತ್ತೂ ತೊಡೆಯ ಮೇಲೆ ಒಂದೇ ಕಡೆ ಕೂತಿರುತ್ತದೆ. ಕೈಗಡಿಯಾರಗಳು ನಿಂತಿದ್ದು, ಇಳಿದ ಮೇಲೆ ಟಕ್ಕೆಂದು ಹೊರಡುತ್ತವೆ. ಹೊಟ್ಟೆಗೆ ಗಡಿಯಾರದ ಹಂಗಿಲ್ಲವಲ್ಲ, ಅದು ಹಸಿಯುತ್ತದೆ. ಅದಕ್ಕೇ ನಮ್ಮೂರ ಮನೆಗಳಲ್ಲಿ ಬೆಳಗಿನ ತಿಂಡಿ ಬೇರೆ, ಗಾಡಿ ತಿಂಡಿ ಬೇರೆ. ಗಾಡಿ ತಿಂಡಿಯ ಡಬ್ಬಿ ಮರೆತು ಬಂದವರು ಹನ್ನೊಂದು ಗಂಟೆಗೆಲ್ಲ ಮಿಷನ್ನಿನ ಮೇಲೆ ತೂಕಡಿಸುವುದನ್ನು ನಾನೇ ನೋಡಿದ್ದೇನೆ.

ಹಾಗಂತ ಅದು ಪುಕ್ಕಟೆ ಸಿಕ್ಕ ಹೊತ್ತು ಅಂತ ತಿಳಿಯಬೇಡಿ. ಅದು ನಮ್ಮ ಆಯಸ್ಸಿನಿಂದಲೇ ಹೋಗುತ್ತದೆ. ಮೂವತ್ತು ವರ್ಷ ಓಡಾಡಿದವರು ಊರಲ್ಲೇ ಕೂತ ಓರಗೆಯವರಿಗಿಂತ ಮೂರು ವರ್ಷ ಮುಂಚೆ ಮುದುಕರಾಗುತ್ತಾರೆ. ಬಸುರಿಯ ಹೊಟ್ಟೆ ಮುಟ್ಟುವ ಮುಂಚೆ ನಮ್ಮ ಸೂಲಗಿತ್ತಿ ಕೇಳುವ ಮೊದಲನೇ ಮಾತೇ, "ಗಾಡಿಯೋಳೋ, ಊರೋಳೋ?" ಅಂತ. ಗಾಡಿಯವಳು ಅಂದರೆ ಎಂಟು ತಿಂಗಳಿಗೇ ನೀರು ಕಾಯಿಸಿಟ್ಟುಕೊಳ್ಳಬೇಕು. ಕೂಸು ದಿನ ತುಂಬಿಕೊಂಡೇ ಹುಟ್ಟುತ್ತದೆ, ಕ್ಯಾಲೆಂಡರು ಮಾತ್ರ ಹಿಂದೆ ಬಿದ್ದಿರುತ್ತದೆ. ಇದೆಲ್ಲ ನಮಗೆ ಗೊತ್ತಿದ್ದದ್ದೇ. ಗೊತ್ತಿದ್ದೂ ಯಾರೂ ಗೊಣಗುತ್ತಿರಲಿಲ್ಲ. ನಮ್ಮ ಆಯಸ್ಸು, ನಮ್ಮ ಹೊತ್ತು, ನಮಗೆ ಬೇಕಾದ ಹಾಗೆ ಕಳೆಯುತ್ತಿದ್ದೆವು. ಒಬ್ಬಳು ಅವರೆಕಾಯಿ ಸುಲಿಯುವಳು, ಒಬ್ಬ ಗಡ್ಡ ಹೆರೆಸಿಕೊಳ್ಳುವನು, ಏಳನೇ ಡಬ್ಬಿಯಲ್ಲಿ ಹಾಡಿನವರು, ಒಂಬತ್ತನೇ ಡಬ್ಬಿಯಲ್ಲಿ ಬರೀ ನಿದ್ದೆಯವರು. ಅಲ್ಲಿ ಯಾರಾದರೂ ಕೆಮ್ಮಿದರೂ ಬೈಸಿಕೊಳ್ಳಬೇಕಿತ್ತು.

ನಾನು ಮತ್ತು ನನ್ನ ಗಂಡ ದೊರೆಸ್ವಾಮಿ ಮೂರನೇ ಡಬ್ಬಿಯವರು, ಎಡಗಡೆಯ ಕಿಟಕಿ. ಅವರು ಆಚೆಪೇಟೆಯ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಅಚ್ಚುಹಾಕುವ ಕೆಲಸದಲ್ಲಿದ್ದಾರೆ. ನಮ್ಮ ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಒಂಬತ್ತು ಜನ. ಅತ್ತೆ, ಮೈದುನನ ಸಂಸಾರ, ನಮ್ಮ ಮೂರು ಮಕ್ಕಳು, ಎಲ್ಲ ಒಂದೇ ಸೂರಿನಡಿ. ಹದಿನೇಳು ವರ್ಷದಲ್ಲಿ ನಾವು ಮನೆಯೊಳಗೆ ಆಡಿದ ಮಾತೆಂದರೆ ಉಪ್ಪು ಮುಗಿದಿದೆ, ನಲ್ಲಿ ಬಂದಿದೆ, ಚಿಕ್ಕವನಿಗೆ ಜ್ವರ, ಇಷ್ಟೇ. ಮಿಕ್ಕ ಮಾತೆಲ್ಲ ಗಾಡಿಯಲ್ಲಿ. ನಾನು ಅತ್ತಿದ್ದು ಅಲ್ಲಿ, ಅವರು ನನ್ನ ಕೈ ಹಿಡಿದು ಸುಮ್ಮನೆ ಕೂತಿದ್ದು ಅಲ್ಲಿ, ಜಗಳ ಆಡಿದ್ದೂ ಅಲ್ಲೇ. ಜಗಳಕ್ಕೊಂದು ಮರ್ಯಾದೆ ಇತ್ತು ನಮ್ಮ ಗಾಡಿಯಲ್ಲಿ. ಗಂಡಹೆಂಡಿರು ಜಗಳಕ್ಕೆ ಕೂತರು ಅಂತ ಗೊತ್ತಾದರೆ ಎದುರು ಬೆಂಚಿನವರು ಯಾರೂ ಹೇಳದೆ ತಾವಾಗಿ ಎದ್ದು ಹೋಗಿ ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ಮುಗಿದ ಮೇಲೆ ಬಂದು ಕೂರುವರು. ಏನಾಯಿತು ಅಂತ ಕೇಳುವ ಹಾಗಿಲ್ಲ.

ಇಷ್ಟು ನೆಮ್ಮದಿಯಾಗಿದ್ದವರ ಮೇಲೆ ಯಾರ ಕಣ್ಣು ಬಿತ್ತೋ, ಪರಶಿವಮೂರ್ತಿ ಮ್ಯಾನೇಜರಾಗಿ ಬಂದ. ಪರವೂರಿನವನು. ನೋಡುವುದಕ್ಕೆ ಕೆಟ್ಟವನಲ್ಲ, ಅದೇ ನನಗೆ ಇವತ್ತಿಗೂ ಸಿಟ್ಟು. ಬೈಯುವವನಲ್ಲ, ಕೂಗುವವನಲ್ಲ. ಬಾಯಿ ತೆರೆದರೆ ತಾಯಂದಿರೇ ಅನ್ನುವವನು. ಬಂದ ಹದಿನೈದೇ ದಿನಕ್ಕೆ ನಮ್ಮನ್ನೆಲ್ಲ ಅಂಗಳದಲ್ಲಿ ಸೇರಿಸಿ ಕೈಮುಗಿದ.

"ತಾಯಂದಿರೇ, ದಿನಾ ಮೂರು ಗಂಟೆ ನೀವು ಗಾಡೀಲಿ ಸುಮ್ನೆ ಕೂತಿರ್ತೀರಿ. ನನಗೆ ನೋಡಿ ಸಂಕಟ ಆಗುತ್ತೆ. ಇನ್ನು ಮೇಲೆ ಒಂದೊಂದು ಗಂಟು ಅಂಗಿ ಕೊಡ್ತೀವಿ. ಕೂತಲ್ಲೇ ಗುಂಡಿ ಹಚ್ಚಿಬಿಡಿ."

"ಅದು ನಮ್ಮ ಹೊತ್ತಲ್ವಾ ಸ್ವಾಮಿ?" ಅಂತ ನಾನೇ ಕೇಳಿದೆ.

"ಯಾವ ಹೊತ್ತಮ್ಮ? ಎಂಟೂಹತ್ತಕ್ಕೆ ಹತ್ತಿ ಎಂಟೂಹತ್ತಕ್ಕೆ ಇಳೀತೀರಿ. ಗಡಿಯಾರದಲ್ಲೇ ಇಲ್ಲದ ಹೊತ್ತಿನಲ್ಲಿ ನೀವು ದಣಿಯೋದಾದ್ರೂ ಹೇಗೆ?" ಎಂದು ನಕ್ಕ. ಸುತ್ತ ನಿಂತಿದ್ದ ಆಫೀಸಿನವರೂ ನಕ್ಕರು. ನಮ್ಮಲ್ಲೂ ಒಂದಿಬ್ಬರು ನಕ್ಕರು, ಅವರ ಹೆಸರು ಈಗ ಹೇಳುವುದು ಬೇಡ.

ಗಂಟು ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಗಾಡಿ ಆಗಷ್ಟೇ ಹೊರಟಿತ್ತು. ನನ್ನ ಗಂಡ ಕಿಟಕಿಯ ಕಡೆಯಿಂದ ತಿರುಗಿ, "ಲೇ, ನಿನಗೊಂದು ಮಾತು ಹೇಳ್ಬೇಕಿತ್ತು. ನೆನ್ನೆಯಿಂದ ಅನ್ಕೊಂಡಿದ್ದೆ" ಅಂದರು. ಮಾತು ಎತ್ತುವ ಮನುಷ್ಯನಲ್ಲ ಅವರು. ಹತ್ತು ಸಲ ನಾನು ಕೇಳಿದರೆ ಒಂದು ಸಲ ಬಾಯಿ ಬಿಡುವವರು. ಮುಖ ಬೇರೆ ಒಂಥರಾ ಆಗಿತ್ತು. ಏನು ಅನ್ನುವಷ್ಟರಲ್ಲಿ ಕಾರ್ಖಾನೆಯ ಮೇಸ್ತ್ರಿ ಬಂದು ನನ್ನ ತೊಡೆಯ ಮೇಲೆ ದೊಪ್ಪೆಂದು ಗಂಟು ಹಾಕಿದ. "ಅಂಗಿಯೋರೆಲ್ಲ ಮೊದಲ್ನೇ ಡಬ್ಬಿಗೆ ಬನ್ನಿ. ಬೇರೆಯೋರ ಜೊತೆ ಕೂತ್ರೆ ಕೆಲಸ ಆಗಲ್ಲ" ಅಂದ. ನನ್ನ ಗಂಡ, "ಹೋಗು, ಸಾಯಂಕಾಲ ಹೇಳ್ತೀನಿ" ಅಂದರು. ಸಂಜೆಗೂ ಗಂಟು. ಮಾರನೆಯ ದಿನವೂ ಗಂಟು. ಮುಂದಿನ ವಾರ ಪ್ರೆಸ್ಸಿನ ಯಜಮಾನನೂ ಇದನ್ನೇ ಕಲಿತು, ಇವರ ಕೈಗೆ ಲಗ್ನಪತ್ರಿಕೆ ಮಡಿಸುವ ಕೆಲಸ ಕೊಟ್ಟು ನಾಲ್ಕನೇ ಡಬ್ಬಿಗೆ ಕಳಿಸಿದ. ಮೇಷ್ಟ್ರುಗಳ ಕೈಗೆ ಉತ್ತರಪತ್ರಿಕೆ ಬಂತು, ಗುಮಾಸ್ತರ ಕೈಗೆ ಫೈಲು ಬಂತು. ಏಳನೇ ಡಬ್ಬಿಯ ಹಾಡು ನಿಂತಿತು. ಒಂಬತ್ತನೇ ಡಬ್ಬಿಯಲ್ಲಿ ಮೊದಲ ಸಲ ದೀಪ ಹಾಕಿಸಿದರು.

ಆ ಮಾತನ್ನು ಮನೆಯಲ್ಲಾದರೂ ಹೇಳಿ ಅಂತ ನಾನು ಕೇಳದೆ ಇರಲಿಲ್ಲ. "ಮನೇಲಿ ಹೇಳೋ ಮಾತಲ್ಲ ಬಿಡೆ ಅದು" ಅಂದರು. ಅಷ್ಟರಲ್ಲಿ ಅತ್ತೆ, ಏನದು ಗುಸುಗುಸು ಅಂತ ತಲೆ ಎತ್ತಿದರು. ಅಲ್ಲಿಗೆ ಮುಗಿಯಿತು.

ಮೇಸ್ತ್ರಿಯ ದರ್ಬಾರು ಏನು ಹೇಳಲಿ. ಮಾತಾಡಿದರೆ ತಪ್ಪು, ಕಿಟಕಿ ನೋಡಿದರೆ ತಪ್ಪು. ಒಂದು ದಿನ ಕಾಜಾ ಹೊಲಿಯುವ ತಬಸ್ಸುಮ್ ಗಾಡಿ ತಿಂಡಿ ಬಿಚ್ಚಿದಳು ಅಂತ ಅವಳ ಡಬ್ಬಿಯನ್ನು ಕಿತ್ತು ಕಿಟಕಿಯಿಂದಾಚೆ ಎಸೆದುಬಿಟ್ಟ. ಹೋಳಿಗೆ ಇತ್ತು ಅದರಲ್ಲಿ. ಪಾಪ, ನಮಗೆಲ್ಲ ಹಂಚುವುದಕ್ಕೆ ಅಂತ ತಂದಿದ್ದಳು. ನಾವು ಹತ್ತು ಜನ ಮ್ಯಾನೇಜರ ಹತ್ತಿರ ದೂರು ಒಯ್ದೆವು. ಅವನು ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೇಳಿದ.

"ಎಷ್ಟು ಗಂಟೆಗಾಯ್ತು ಇದು?"

"ಗಾಡೀಲಿ ಸ್ವಾಮಿ. ಅರ್ಧ ದಾರೀಲಿ."

"ಗಂಟೆ ಹೇಳಿ ತಾಯಿ. ಗಂಟೆ ಇಲ್ಲದ ದೂರನ್ನ ನಾನು ಯಾವ ಪುಸ್ತಕದಲ್ಲಿ ಬರ್ಕೊಳ್ಳಲಿ?"

ಮಾರನೆಯ ದಿನ ಗೇಟಿನ ಪಕ್ಕ ಹಸಿರು ಬೋರ್ಡು ತೂಗಿತು: ಗಾಡಿಯ ಹೊತ್ತು ಗಡಿಯಾರದಲ್ಲಿ ಇಲ್ಲ. ಆದ್ದರಿಂದ ಗಾಡಿಯಲ್ಲಿ ನಡೆದ ಯಾವುದಕ್ಕೂ ಹಾಜರಿ ಇಲ್ಲ, ದೂರು ಇಲ್ಲ, ವಿಚಾರಣೆ ಇಲ್ಲ. ಕೆಳಗೆ ಪರಶಿವಮೂರ್ತಿಯ ಸಹಿ. ನಾವು ದಿನಾ ಅದರ ಕೆಳಗೇ ಹಾದುಹೋಗುತ್ತಿದ್ದೆವು. ಓದಿದಾಗೆಲ್ಲ ಹಲ್ಲು ಕಡಿದುಕೊಳ್ಳುತ್ತಿದ್ದೆ.

ಮೇಲಿಂದ ಎರಡು ಸುತ್ತು ಅನ್ನುವುದು ಶುರುವಾಯಿತು. ಎಂಟೂಹತ್ತಕ್ಕೆ ಆಚೆಪೇಟೆ ಮುಟ್ಟಿದವರನ್ನು ಇಳಿಯಲು ಬಿಡದೆ ಅದೇ ಗಾಡಿಯಲ್ಲಿ ವಾಪಸು ಕಳಿಸಿ, ಮತ್ತೆ ಕರೆಸುವುದು. ಹೋಗಿ, ಬಂದು, ಹೋಗುವುದರೊಳಗೆ ನಾಲ್ಕೂವರೆ ಗಂಟೆ ಗುಂಡಿ ಹಚ್ಚಿ ಮುಗಿಸಿ ಇಳಿದರೆ ಗೋಡೆಯ ಗಡಿಯಾರದಲ್ಲಿ ಎಂಟೂಹತ್ತು. ಆಮೇಲೆ ದಿನದ ಕೆಲಸ ಶುರು. ಯಾವ ಜನ್ಮದ ಪಾಪ ಅಂತೀನಿ! ಮೂರು ತಿಂಗಳಲ್ಲಿ ನನ್ನ ಬೈತಲೆ ಬೆಳ್ಳಗಾಯಿತು. ನಮ್ಮ ಸಾಲಿನ ಕೆಂಪಾಜಮ್ಮನಿಗೆ ಒಂದೇ ವರ್ಷದಲ್ಲಿ ಎರಡು ಸಲ ಕನ್ನಡಕ ಬದಲಾಯಿಸಬೇಕಾಯಿತು. ಮಂಡಳಿಯವರಿಗೆ ಮಾತ್ರ ಹಿಗ್ಗೋ ಹಿಗ್ಗು. ಗಾಡಿ ಮೂರು ಸಲ ಓಡುತ್ತಿದೆ, ಮೂರು ಸಲವೂ ಭರ್ತಿ!

ಜನ ಎಷ್ಟು ದಿನ ತಡೆದುಕೊಂಡಾರು? ಒಬ್ಬೊಬ್ಬರೇ ಗಾಡಿ ಬಿಟ್ಟು ಬಸ್ಸು ಹಿಡಿದರು. ಬಸ್ಸು ಗುಡ್ಡ ಬಳಸಿ ಹೋಗಬೇಕು, ಎರಡು ಗಂಟೆ ಹತ್ತಿರ ಬೇಕು. ನಮ್ಮ ನಿಮ್ಮ ಹಾಗೆ ಗಡಿಯಾರ ನೋಡಿಕೊಂಡು ಓಡುವ ಬಸ್ಸು. ಐದು ಗಂಟೆಗೆ ಎದ್ದು, ಆರಕ್ಕೆಲ್ಲ ಮನೆ ಬಿಟ್ಟು, ಧೂಳು ತಿಂದು ಹೋದರೂ ಸರಿ, ಅವನ ಗಂಟು ಮುಟ್ಟುವುದಿಲ್ಲ ಅಂತ ನಾನೂ ಗಾಡಿ ಬಿಟ್ಟೆ. ನನ್ನ ಗಂಡನೂ ಬಿಟ್ಟರು. ಆದರೆ ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಕಂಡಕ್ಟರು ಬಾಗಿಲಲ್ಲೇ ಬೇರೆ ಮಾಡುತ್ತಿದ್ದ. ದಿನಾ ಎರಡು ಗಂಟೆ ನಾನು ಮುಂದಿನ ಸೀಟಿನಲ್ಲಿ ಯಾರದೋ ಬುಟ್ಟಿ ಹೊತ್ತುಕೊಂಡು, ಅವರು ಹಿಂದಿನ ಬಾಗಿಲ ಕಂಬಿ ಹಿಡಿದುಕೊಂಡು. ತಿರುಗಿ ನೋಡಿದರೆ ನಲವತ್ತು ತಲೆಗಳ ಆಚೆ ಅವರ ಹಣೆ ಕಾಣುತ್ತಿತ್ತು. ಎರಡು ವರ್ಷ, ಎರಡೇ ವರ್ಷದಲ್ಲಿ ನನ್ನ ಗಂಡ ನನಗೆ ಬರೀ ಒಂದು ಹಣೆಯಾಗಿಬಿಟ್ಟರು.

ಅತ್ತ ಗಾಡಿ ಸೊರಗಿತು. ಒಂಬತ್ತು ಡಬ್ಬಿ ಆರಾಯಿತು, ಆರು ಮೂರಾಯಿತು, ಕೊನೆಗೆ ಎರಡು. ಸ್ಟೇಷನ್ನಿನ ವಡೆಯವಳು ಬಾಣಲಿ ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೋದಳು. ಪ್ಲಾಟ್‌ಫಾರ್ಮಿನಲ್ಲಿ ಮೇಕೆಗಳು ಮಲಗುತ್ತಿದ್ದವು. ಸ್ಟೇಷನ್ ಮಾಸ್ತರ ಇನಾಸಪ್ಪನವರು ಮಾತ್ರ ದಿನಾ ಕೋಟಿನ ಗುಂಡಿ ಹಾಕಿಕೊಂಡು ಎಂಟೂಹತ್ತಕ್ಕೆ ಗಂಟೆ ಬಾರಿಸುವುದನ್ನು ಬಿಟ್ಟಿರಲಿಲ್ಲ. ಒಂದು ಭಾನುವಾರ ಅವರೇ ನನ್ನನ್ನು ಬೀದಿಯಲ್ಲಿ ನಿಲ್ಲಿಸಿ, "ತಾಯಕ್ಕ, ಗಾಡಿ ನಿಲ್ಲಿಸ್ತಾರಂತೆ ಕಣಮ್ಮ. ನೋಟೀಸು ಬಂದಿದೆ. ಪ್ರಯಾಣಿಕರ ನಿರಾಸಕ್ತಿ ಅಂತ ಬರ್ದಿದ್ದಾರೆ" ಅಂದರು. ನಿರಾಸಕ್ತಿಯಂತೆ! ಕತ್ತು ಹಿಸುಕಿ, ಆಮೇಲೆ ಉಸಿರಾಡುವುದಕ್ಕೆ ಇವಳಿಗೇ ಮನಸ್ಸಿರಲಿಲ್ಲ ಅಂದ ಹಾಗಾಯಿತು. ತಿಂಗಳ ಕೊನೆಯ ಶನಿವಾರಕ್ಕೆ ಕೊನೆಯ ಗಾಡಿ. ಆ ಎಡಗಡೆಯ ಕಿಟಕಿಯೂ, ಅಲ್ಲಿ ಉಳಿದ ಆ ಒಂದು ಮಾತೂ ಅಲ್ಲಿಗೆ ಮುಗಿಯಿತಲ್ಲ!

ಅದೇ ವಾರ ತಬಸ್ಸುಮ್‌ಗೆ ನೋವು ಬಂತು. ಮೊದಲನೇ ಬಸುರು. ಬಸ್ಸಿನ ಕುಲುಕಾಟ ಬೇಡ ಅಂತ ಅವಳು ಗಾಡಿಯಲ್ಲೇ ಓಡಾಡುತ್ತಿದ್ದಳು, ಎರಡು ಸುತ್ತೂ ತಪ್ಪಿಸಿಕೊಂಡಿರಲಿಲ್ಲ. ಸೂಲಗಿತ್ತಿ ಮುಟ್ಟಿ ನೋಡಿ, ಗಾಡಿ ಹೊತ್ತೆಲ್ಲ ಸೇರಿಸಿದರೆ ದಿನ ತುಂಬಿದೆ, ನಾಳೆಯಿಂದ ಹೋಗಬೇಡ ಅಂದಿದ್ದಳು. ಆಫೀಸಿನ ಕ್ಯಾಲೆಂಡರಿಗೆ ಏಳೂವರೆ ತಿಂಗಳು. "ಇನ್ನೂ ಟೈಮಿದೆಯಲ್ಲ ತಾಯಿ" ಅಂತ ಪರಶಿವಮೂರ್ತಿ ರಜೆಯ ಅರ್ಜಿಯನ್ನು ನಗುನಗುತ್ತಲೇ ವಾಪಸು ಕೊಟ್ಟಿದ್ದ. ಮಾರನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಮಿಷನ್ನುಗಳ ನಡುವೆ, ಚೂರುಬಟ್ಟೆಯ ರಾಶಿಯ ಮೇಲೆ ಹೆರಿಗೆಯಾಯಿತು. ಹಿಡಿದವಳು ನಾನು. ಹೆಣ್ಣು ಕೂಸು, ತಲೆತುಂಬ ಕೂದಲು, ಬೆರಳ ತುದಿ ದಾಟಿದ ಉಗುರು.

ಅಂಗಿಯ ಚೂರುಗಳಲ್ಲಿ ಕೈ ಒರೆಸಿಕೊಂಡು ನೆಟ್ಟಗೆ ಅವನ ರೂಮಿಗೆ ಹೋದೆ. "ಹೆರಿಗೆ ಆಯ್ತು. ಈಗಲಾದ್ರೂ ರಜ ಕೊಡಿ" ಅಂದೆ.

"ಅಯ್ಯೋ ಪಾಪ, ದಿನಕ್ಕೆ ಮುಂಚೆ ಆಗೋಯ್ತಾ? ನಿಯಮದ ಪ್ರಕಾರ ಎಂಟು ತಿಂಗಳು ತುಂಬಿದ ಮೇಲೆ ಮಾತ್ರ ರಜ ಬರೋದು ತಾಯಿ."

"ದಿನ ತುಂಬೇ ಆಗಿದೆ. ನಿಮ್ಮ ಗಾಡಿ ಕೆಲಸದಲ್ಲಿ ಹೋದ ಒಂದೂವರೆ ತಿಂಗಳು ಎಲ್ಲಿ ಹೋಯ್ತು?"

"ಎಲ್ಲಿದೆ ಅದು? ನೀವೇ ತೋರಿಸಿ."

"ಆ ಕೂಸಿನ ಉಗುರಲ್ಲಿದೆ, ಹೋಗಿ ನೋಡಿ ಸ್ವಾಮಿ!" ಅಂತ ಕೂಗಿದೆ. ಇಡೀ ಆಫೀಸು ತಿರುಗಿ ನೋಡಿತು. ಅವನು ಮಾತ್ರ ಪೆನ್ನಿನ ತುದಿಯಿಂದ ಕಿಟಕಿಯಾಚೆಯ ಹಸಿರು ಬೋರ್ಡು ತೋರಿಸಿದ.

ಹೊರಗೆ ಬಂದು ಆ ಬೋರ್ಡಿನ ಮುಂದೆ ನಿಂತೆ. ಎರಡೂವರೆ ವರ್ಷದಿಂದ ಓದಿದ್ದನ್ನೇ ಮತ್ತೆ ಓದಿದೆ. ಗಾಡಿಯಲ್ಲಿ ನಡೆದ ಯಾವುದಕ್ಕೂ ವಿಚಾರಣೆ ಇಲ್ಲ. ಯಾವುದಕ್ಕೂ! ಅಯ್ಯೋ ನನ್ನ ಬುದ್ಧಿಗಿಷ್ಟು, ಇಷ್ಟು ದಿನ ಇದು ನಮ್ಮನ್ನು ಕಟ್ಟಿಹಾಕುವ ಹಗ್ಗ ಅಂದುಕೊಂಡಿದ್ದೆನಲ್ಲ. ಇನ್ನೊಂದು ತುದಿ ನಮ್ಮ ಕೈಲೇ ಇತ್ತು.

ಅವತ್ತು ಸಂಜೆ ಬಸ್ಸಿನಲ್ಲಿ ಮುಂದಿನ ಸೀಟಿನಿಂದ ಹಿಂದಿನವರೆಗೆ ಮಾತು ಹೋಯಿತು. ಮಾರನೆಯ ದಿನ ನಲ್ಲಿಯ ಹತ್ತಿರ, ರಾಗಿ ಬೀಸುವ ಮಿಲ್ಲಿನ ಹತ್ತಿರ. ಸೋಮವಾರ ಸಂಜೆ ಎಲ್ಲರೂ ಗಾಡಿ ಹತ್ತಬೇಕು, ದಾರ ಕತ್ತರಿಸುವ ಕತ್ತರಿ ಸೊಂಟದಲ್ಲಿರಬೇಕು. ಇಷ್ಟೇ. ಕೆಂಪಾಜಮ್ಮ, "ಕೆಲಸ ಹೋದ್ರೆ ಏನ್ಮಾಡ್ತೀಯೆ ತಾಯಕ್ಕ?" ಅಂದಳು. "ಕಣ್ಣು ಆಗಲೇ ಹೋಗಿದೆಯಲ್ಲೇ ನಿಂದು, ಇನ್ನೇನು ಉಳಿಸ್ಕೋಬೇಕು ಅಂತಿದ್ದೀಯ?" ಅಂದೆ. ಬಿರುಸಾಯಿತು ಮಾತು, ಗೊತ್ತು. ಆದರೂ ಅವಳು ಬಂದಳು.

ಸೋಮವಾರ ಸಂಜೆ ಮುನ್ನೂರು ಹೆಂಗಸರು ಬಸ್ಸಿನ ಕಡೆ ತಿರುಗದೆ ಸ್ಟೇಷನ್ನಿನ ಕಡೆ ನಡೆದದ್ದನ್ನು ನೋಡಿ ಪರಶಿವಮೂರ್ತಿ ಗೇಟಿನಲ್ಲೇ ಕೈಮುಗಿದ. "ಬುದ್ಧಿ ಬಂತಲ್ಲ ತಾಯಂದಿರೇ, ಸಂತೋಷ" ಅಂದ. ಅವತ್ತೇ ಆರು ಸಾವಿರ ಅಂಗಿ, ಇಸ್ತ್ರಿಯಾಗಿ ಪೆಟ್ಟಿಗೆ ಸೇರಿ, ಅವನ ಸಹಿಯ ಚೀಟಿಯೊಂದಿಗೆ ನಮ್ಮೂರಿನ ಗೋದಾಮಿಗೆ ಅದೇ ಗಾಡಿಯಲ್ಲಿ ಹೊರಟಿದ್ದವು. ಇದ್ದದ್ದು ಎರಡು ಡಬ್ಬಿ. ನಿಂತುಕೊಂಡು, ಒಬ್ಬರ ಮೇಲೊಬ್ಬರು ಕೂತುಕೊಂಡು, ಬಾಗಿಲಲ್ಲಿ ನೇತಾಡಿಕೊಂಡು ಹತ್ತಿದೆವು. ಪ್ರೆಸ್ಸಿನ ಗಂಡಸರೂ ಬಂದಿದ್ದರು. ಗಾಡಿ ಸಿಳ್ಳೆ ಹಾಕಿ ಹೊರಟಿತು. ನಮ್ಮ ಕೈಗಡಿಯಾರಗಳೆಲ್ಲ ನಿಂತವು. ನಾನು ಮೊದಲನೇ ಪೆಟ್ಟಿಗೆಯ ಹುರಿ ಕತ್ತರಿಸಿದೆ.

ಮೇಸ್ತ್ರಿ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ. "ಏಯ್, ಏನಾಗ್ತಿದೆ ಇಲ್ಲಿ? ಏನಾಗ್ತಿದೆ?" ಅಂತ ಚೀರಿದ.

"ಏನೂ ಆಗ್ತಿಲ್ಲ ಕಣಪ್ಪ. ಗಡಿಯಾರ ನೋಡ್ಕೊ, ಬೇಕಾದ್ರೆ" ಅಂದಳು ಕೆಂಪಾಜಮ್ಮ. ಅಷ್ಟಕ್ಕೂ ಅವನನ್ನು ಯಾರೂ ಮುಟ್ಟಲಿಲ್ಲ. ಯಾರೋ ಗಾಡಿ ತಿಂಡಿಯ ಡಬ್ಬಿ ಬಿಚ್ಚಿ ಅವನ ಕೈಗೆ ಎರಡು ಕಡುಬು ಕೊಟ್ಟರು. ಕಿಟಕಿಯಿಂದಾಚೆ ಎಸೆಯುವುದಕ್ಕೆ ಅವನಿಗೆ ಧೈರ್ಯ ಬರಲಿಲ್ಲ, ತಿಂದ.

ಗಂಡಸರು ಪೆಟ್ಟಿಗೆಯಿಂದ ಅಂಗಿ ತೆಗೆದು ಕೈಯಿಂದ ಕೈಗೆ ಸಾಗಿಸಿದರು. ನಾವು ಕತ್ತರಿಸಿದೆವು. ಅಂಗಿಗೆ ಏಳು ಗುಂಡಿ. ಒಂದೇ ಒಂದು ಬಟ್ಟೆ ಹರಿಯಬಾರದು, ಒಂದೇ ಒಂದು ಗುಂಡಿ ಕಳೆಯಬಾರದು ಅಂತ ಮೊದಲೇ ಹೇಳಿಟ್ಟಿದ್ದೆ. ಇಪ್ಪತ್ತೆರಡು ವರ್ಷ ಹಚ್ಚಿದ ಕೈಗಳು, ಬಿಚ್ಚುವುದು ಎಷ್ಟು ಹೊತ್ತು? ಯಾರೋ ಏಳನೇ ಡಬ್ಬಿಯ ಹಳೇ ಹಾಡು ಎತ್ತಿಕೊಂಡರು. ಗುಂಡಿಗಳೆಲ್ಲ ಗೋಣಿಚೀಲಕ್ಕೆ, ಅಂಗಿಗಳೆಲ್ಲ ಮಡಿಕೆ ಮುರಿಯದೆ ಪೆಟ್ಟಿಗೆಗೆ, ಮೇಲೆ ಅದೇ ಹುರಿ. ನಮ್ಮ ಸ್ಟೇಷನ್ ಬಂತು. ಆರೂಇಪ್ಪತ್ತು. ಇನಾಸಪ್ಪನವರು ಪೆಟ್ಟಿಗೆಗಳನ್ನು ಎಣಿಸಿ, ಆರೂಇಪ್ಪತ್ತಕ್ಕೆ ಸರಿಯಾಗಿ ಬಂದಿವೆ ಅಂತ ಚೀಟಿ ಬರೆದುಕೊಟ್ಟರು. ಗೋಣಿಚೀಲ ನೋಡಿ, "ಇದೇನಮ್ಮ?" ಅಂದರು. "ಕಾರ್ಖಾನೆ ಸಾಮಾನು ಸಾರ್, ಜೋಪಾನ" ಅಂದೆ.

ಮಾರನೆಯ ಬೆಳಗ್ಗೆ ಗೇಟಿನಲ್ಲಿ ಪರಶಿವಮೂರ್ತಿ ನಿಂತಿದ್ದ. ಕೈಮುಗಿದಿರಲಿಲ್ಲ. ತಾಯಂದಿರೇ ಅನ್ನಲಿಲ್ಲ. ಕೈಯಲ್ಲೊಂದು ಅಂಗಿ ಹಿಡಿದಿದ್ದ, ಅದು ಎದೆ ಬಿಟ್ಟುಕೊಂಡು ಗಾಳಿಗೆ ಹಾರಾಡುತ್ತಿತ್ತು.

"ಯಾರು ಮಾಡಿದ್ದು ಇದನ್ನ?"

"ಯಾವಾಗ ಆಯ್ತು ಸ್ವಾಮಿ?" ಅಂದೆ ನಾನು.

"ನಿನ್ನೆ! ನಿನ್ನೆ ಸಂಜೆ!"

"ನಿನ್ನೆ ಆರೂಇಪ್ಪತ್ತಕ್ಕೆ ಪೆಟ್ಟಿಗೆ ಸರಿಯಾಗಿತ್ತು ಅಂತ ನೀವೇ ಸಹಿ ಹಾಕಿದ್ದೀರಿ. ಆರೂಇಪ್ಪತ್ತಕ್ಕೆ ತಲುಪಿದೆ ಅಂತ ಮಾಸ್ತರ ಚೀಟಿ ಇದೆ. ನಡುವೆ ಎಲ್ಲಿತ್ತು ಹೊತ್ತು?"

"ಗಾಡೀಲಿ ಮಾಡಿದ್ದೀರಿ! ಒಂದೂವರೆ ಗಂಟೆ ಕೂತು ಮಾಡಿದ್ದೀರಿ!"

"ಎಷ್ಟು ಗಂಟೆ ಅಂದ್ರಿ?"

ಮುನ್ನೂರು ಜನ ಒಟ್ಟಿಗೆ ಹಸಿರು ಬೋರ್ಡಿನ ಕಡೆ ತಿರುಗಿದೆವು. ಒಂದೂವರೆ ಗಂಟೆ ಇದೆ ಅಂದರೆ ಎರಡೂವರೆ ವರ್ಷದ ಗುಂಡಿಗೆಲ್ಲ ಅವನು ಉತ್ತರ ಕೊಡಬೇಕು, ತಬಸ್ಸುಮ್‌ಗೆ ಉತ್ತರ ಕೊಡಬೇಕು. ಇಲ್ಲ ಅಂದರೆ ಆ ಅಂಗಿಗಳ ಗುಂಡಿ ಯಾರೂ ಬಿಚ್ಚಿಲ್ಲ. ಬೆವರು ಒರೆಸಿಕೊಳ್ಳುವುದಕ್ಕೆ ಅವನ ಕೈಗೆ ಸಿಕ್ಕಿದ್ದು ಅದೇ ಅಂಗಿ. ನನಗೆ ನಗು ಬರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ.

ಸುಲಭಕ್ಕೆ ಸೋಲಲಿಲ್ಲ ಅವನು. ಮಾರನೆಯ ದಿನ ಗಂಟುಗಳನ್ನು ಕೊಟ್ಟೇ ಕೊಟ್ಟ. ನಾವು ತೆಗೆದುಕೊಂಡೆವು, ಹೊತ್ತುಕೊಂಡು ಹೋದೆವು, ಗುಂಡಿ ಹಚ್ಚಿದೆವು, ಇಳಿಯುವ ಮುಂಚೆ ಬಿಚ್ಚಿದೆವು. ಅದರ ಮಾರನೆಯ ದಿನವೂ ಹಾಗೇ. ಬಸ್ಸಿನ ಕಡೆ ಯಾರೂ ತಲೆ ಹಾಕಲಿಲ್ಲ. ಪ್ರೆಸ್ಸಿನವರು ಲಗ್ನಪತ್ರಿಕೆಗಳನ್ನು ನೀಟಾಗಿ ಮಡಿಸಿ, ನೀಟಾಗಿ ಬಿಡಿಸಿ, ಚಪ್ಪಟೆಯಾಗಿ ಒಪ್ಪಿಸಿದರು. ಎರಡು ಡಬ್ಬಿಯ ಗಾಡಿ, ಮೇಲ್ಛಾವಣಿಯ ಮೇಲೂ ಜನ. ನಿರಾಸಕ್ತಿ ಅಂತ ಬರೆದ ಮಂಡಳಿಯವರು ಬಂದು ಬಾಯಿಬಿಟ್ಟುಕೊಂಡು ನೋಡಿದರು. ಐದನೇ ದಿನ ಹಸಿರು ಬೋರ್ಡಿಗೆ ಸುಣ್ಣ ಬಳಿದಿದ್ದರು. ಗಂಟು ನಿಂತಿತು, ಎರಡು ಸುತ್ತು ನಿಂತಿತು. ತಬಸ್ಸುಮ್‌ಗೆ ರಜೆ ಬಂತು. ಇನ್ನು ಮುಂದೆ ಬಸುರಿಯರ ದಿನ ಎಣಿಸುವುದು ಸೂಲಗಿತ್ತಿ, ಆಫೀಸಿನ ಕ್ಯಾಲೆಂಡರಲ್ಲ ಅಂತ ಬರೆಸಿಕೊಂಡೆವು. ಮಿಕ್ಕ ಯಜಮಾನರೂ ಒಬ್ಬೊಬ್ಬರಾಗಿ ತಣ್ಣಗಾದರು. ಕೊನೆಯ ಗಾಡಿ ಅಂತ ಹೇಳಿದ್ದ ಶನಿವಾರ ಇನಾಸಪ್ಪನವರು ನೋಟೀಸು ಕಿತ್ತು ಸುರುಳಿ ಸುತ್ತಿ ಅದರಲ್ಲೇ ಮೇಕೆ ಓಡಿಸಿದರು. ನಾಲ್ಕು ಡಬ್ಬಿಯಾಯಿತು, ಏಳಾಯಿತು, ಮಳೆಗಾಲ ಮುಗಿಯುವಷ್ಟರಲ್ಲಿ ಒಂಬತ್ತೂ ಬಂದವು. ವಡೆಯವಳೂ ಬಾಣಲಿ ತಂದಳು. ಇಷ್ಟೆಲ್ಲ ಆದ ಮೇಲೆ ಆ ಕಲ್ಲು! ಕೆಂಪಾಜಮ್ಮನ ಕಣ್ಣು ಆ ಕಲ್ಲಿನ ಮೇಲೆಲ್ಲಾದರೂ ಇದೆಯೇ? ತಬಸ್ಸುಮ್ ಮಲಗಿದ ಚೂರುಬಟ್ಟೆ ಇದೆಯೇ?

ಇರಲಿ. ನನ್ನ ಸ್ವಂತದ ಸಿಟ್ಟು ಒಂದು ಬಾಕಿ ಇದೆ.

ಮೂರನೇ ಡಬ್ಬಿ ವಾಪಸು ಬಂದ ದಿನ ನಾನು ಎಡಗಡೆಯ ಕಿಟಕಿಯ ಹತ್ತಿರ ಮೊದಲೇ ಹೋಗಿ ಕೂತೆ. ಹೊಸ ಸೀರೆ ಉಟ್ಟಿದ್ದೆ, ಕೇಳಿದವರಿಗೆ ಹಳೇದು ಅಂದೆ. ನನ್ನ ಗಂಡ ಬಂದು ಪಕ್ಕದಲ್ಲಿ ಕೂತರು. ಎರಡೂವರೆ ವರ್ಷದ ಮೇಲೆ ಅವರ ಮುಖ ಅಷ್ಟು ಹತ್ತಿರದಿಂದ ನೋಡಿದೆ. ಕಿವಿಯ ಹತ್ತಿರ ಕೂದಲು ನೆರೆತಿತ್ತು, ಅದು ಯಾವಾಗ ಆಯಿತೋ ನನಗೆ ಗೊತ್ತೇ ಆಗಿ‍ರಲಿಲ್ಲ. ಗಾಡಿ ಹೊರಟಿತು. ಬಿಸಿಲು ಬಂದು ನಮ್ಮಿಬ್ಬರ ತೊಡೆಯ ಮೇಲೆ ಕೂತಿತು.

"ಈಗ ಹೇಳಿ" ಅಂದೆ.

"ಏನನ್ನ?"

"ಅವತ್ತು ಗಂಟು ಬಂದ ದಿನ, ಒಂದು ಮಾತು ಹೇಳ್ಬೇಕಿತ್ತು ಅಂದ್ರಲ್ಲ. ನೆನ್ನೆಯಿಂದ ಅನ್ಕೊಂಡಿದ್ದೆ ಅಂದ್ರಲ್ಲ."

ಅವರು ಹುಬ್ಬು ಗಂಟು ಹಾಕಿದರು. ಕಿಟಕಿ ನೋಡಿದರು. ತಲೆ ಕೆರೆದುಕೊಂಡರು. ತುಂಬ ಹೊತ್ತು ಹುಡುಕಿದರು ಪಾಪ, ಅದು ನನಗೆ ಕಾಣುತ್ತಿತ್ತು.

"ಮರ್ತೋಯ್ತು ಕಣೆ" ಅಂದರು.

"ಮರ್ತೋಯ್ತು?"

"ಏನೋ ಇತ್ತು. ಒಳ್ಳೇದೇ ಇತ್ತು. ಈಗ ನೆನಪಾಗ್ತಿಲ್ಲ."

ಬೋರ್ಡು ಒರೆಸಿದರು, ಗಂಟು ನಿಲ್ಲಿಸಿದರು, ಡಬ್ಬಿ ವಾಪಸು ಕೊಟ್ಟರು. ಇದನ್ನು ಯಾರು ಕೊಡುತ್ತಾರೆ? ಪರಶಿವಮೂರ್ತಿ ಕೊಡುತ್ತಾನೆಯೇ? ಮಂಡಳಿ ಕೊಡುತ್ತದೆಯೇ?

"ಎರಡೂವರೆ ವರ್ಷ ನಾನು ಅದನ್ನ ಕಾಯ್ತಾ ಇದ್ದೆ! ಒಂದು ಚೀಟೀಲಿ ಬರ್ದಿಡೋಕೆ ಆಗ್ಲಿಲ್ವಾ ನಿಮಗೆ? ದಿನಾ ಊರೋರ ಲಗ್ನಪತ್ರಿಕೆ ಮಡಿಸ್ತೀರಿ, ಹೆಂಡ್ತಿಗೊಂದು ಮಾತು ನೆನಪಿಟ್ಕೊಳ್ಳೋಕೆ ಆಗ್ಲಿಲ್ವಾ?"

"ನಾನೇನು ಬೇಕು ಅಂತ ಮರೆತ್ನಾ? ನೀನೇ ಗಂಟು ಎತ್ಕೊಂಡು ಎದ್ದೋದೆ!"

"ನಾನು ಎದ್ದೋದ್ನಾ? ಹೋಗು ಅಂದೋರು ಯಾರು?"

ಎದುರು ಬೆಂಚಿನಲ್ಲಿ ಕೆಂಪಾಜಮ್ಮ ಕೂತಿದ್ದಳು, ಪಕ್ಕದಲ್ಲಿ ತಬಸ್ಸುಮ್, ತೊಡೆಯ ಮೇಲೆ ಕೂಸು. ಇಬ್ಬರೂ ಮುಖ ಮುಖ ನೋಡಿಕೊಂಡರು. ಎದ್ದು, ಕೂಸನ್ನು ಎತ್ತಿಕೊಂಡು, ಬಾಗಿಲ ಹತ್ತಿರ ಹೋಗಿ ನಮ್ಮ ಕಡೆ ಬೆನ್ನು ಮಾಡಿ ನಿಂತರು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಗಂಡನ ಕಡೆ ಪೂರ್ತಿ ತಿರುಗಿ ಕೂತೆ. ಆಚೆಪೇಟೆಗೆ ಇನ್ನೂ ಒಂದೂಕಾಲು ಗಂಟೆ ಇತ್ತು.